ತನ್ನವನ ಸೂಜಿ

ನಮ್ಮ ಬೀದಿಯಲ್ಲಿ ಬಿಸಿನೀರಿನದೇ ತೊಂದರೆ. ಗೆಜಿಯೂ ಎಂಬ ನಮ್ಮ ಗಣಿ ಊರಿನ ಕೆರೆಯ ಸುತ್ತ ಎತ್ತರದ ಕಟ್ಟಡಗಳು ಬಂದಿವೆ, ಬಣ್ಣದ ದೀಪಗಳು ಬಂದಿವೆ. ಆದರೆ ಗುಡ್ಡದ ಮಗ್ಗುಲಲ್ಲಿ, ಹಿಂದೆ ತವರದ ಗಣಿಯವರಿಗೆಂದು ಕಟ್ಟಿದ ಸಾಲುಮನೆಗಳಲ್ಲಿ, ಇಡೀ ಮಹಡಿಗೆ ಒಂದೇ ನಲ್ಲಿ. ಚಳಿಗಾಲದಲ್ಲಿ ಆ ನೀರು ಮುಟ್ಟಿದರೆ ಬೆರಳು ಮರಗಟ್ಟುತ್ತದೆ. ಗಣಿ ಮುಚ್ಚಿದ ಮೇಲೆ ಆ ಮನೆಗಳಿಗೆ ಬಾಡಿಗೆಗೆ ಬಂದವರು ನಮ್ಮಂಥವರು. ಹೆರಾಯಿನ್ ಪುಡಿ ಸೇದುವವರು, ಅದನ್ನೇ ಕರಗಿಸಿ ಚುಚ್ಚಿಕೊಳ್ಳುವವರು, ಕರೋಕೆ ಹಾಡಿನ ಕೋಣೆಗಳಲ್ಲಿ ಗಿರಾಕಿಗಳ ಪಕ್ಕ ಕೂತು, ದುಡ್ಡಿಗೆ ಅವರ ಜೊತೆ ಹೋಗುವ ಹೆಂಗಸರು.

ಹಾಗಾಗಿ ಹೆಂಗಸರಿಗೆಂದು ನಾವು ಕೆಲವರು ಸೇರಿ ಒಂದು ಕೋಣೆ ತೆರೆದಾಗ ಮೊದಲು ಹಾಕಿಸಿದ್ದು ಬಿಸಿನೀರಿನ ಯಂತ್ರ. ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಮಹಡಿ ಅದು. ಗೋಡೆಯ ಮೇಲೆ ರೋಗದ ಚಿತ್ರಗಳನ್ನು ಅಂಟಿಸಿದ್ದೆವು. ಅವನ್ನು ಯಾರೂ ನೋಡುತ್ತಿರಲಿಲ್ಲ. ಎಲ್ಲರೂ ಬರುತ್ತಿದ್ದದ್ದು ತಲೆಸ್ನಾನಕ್ಕೆ.

ನನ್ನನ್ನು ಅಲ್ಲಿ ನೊಂಗ್ ಅಕ್ಕ ಅನ್ನುತ್ತಾರೆ. ನಾನೂ ಚುಚ್ಚಿಕೊಂಡವಳೇ. ನನ್ನ ಗಂಡ ಎಚ್‌ಐವಿ ಬಂದು ತೀರಿಕೊಂಡ. ನನಗೂ ಅದಿದೆ, ಮಾತ್ರೆ ನುಂಗುತ್ತಾ ಬದುಕಿದ್ದೇನೆ. ದಿನಾ ಬೆಳಿಗ್ಗೆ ಮೆಥಡೋನ್ ಕುಡಿಯುತ್ತೇನೆ. ಪುಡಿಯ ಬಯಕೆ ಅಡಗಿಸಲು ಆಸ್ಪತ್ರೆಯವರು ತಮ್ಮ ಕಣ್ಣೆದುರೇ ಕುಡಿಸುವ ಔಷಧಿ ಅದು. ಕುಡಿದು ಬಂದು ಕೋಣೆಯ ಬೀಗ ತೆಗೆಯುತ್ತೇನೆ. ಹಳೆಯ ಸೂಜಿ ಇಸಿದುಕೊಂಡು ಹೊಸದು ಕೊಡುತ್ತೇನೆ, ಕಾಂಡೋಮ್ ಕೊಡುತ್ತೇನೆ, ನಿನ್ನೆ ಹೇಳಿದ್ದನ್ನೇ ಇವತ್ತೂ ಹೇಳುತ್ತೇನೆ. ಹೇಳಿ ಹೇಳಿ ನನ್ನ ದನಿ ನನಗೇ ಬೇಸರವಾಗಿತ್ತು.

ಆ ಕೋಣೆಗೆ ಇನ್‌ಹ್ವಾ ಬರುತ್ತಿದ್ದಳು. ಮೂವತ್ತರ ಒಳಗಿನ ಹೆಣ್ಣು. ಸೊಂಟದವರೆಗೆ ಕೂದಲು. ಸಂಜೆ ಹಾಡಿನ ಕೋಣೆಯ ಕೆಲಸಕ್ಕೆ ಹೋಗುವ ಮೊದಲು ಅದನ್ನು ತೊಳೆದು, ಒಣಗಿಸಿ, ಎತ್ತಿ ಕಟ್ಟುವುದೇ ಅವಳಿಗೊಂದು ಪೂಜೆ. ಅವಳ ಗೆಳತಿ ಲಾನ್‌ಪಿಂಗ್ ಬಾಯಿ ಜೋರಿನವಳು, ಯಾವಾಗಲೂ ರೇಗಿಸುತ್ತಿದ್ದಳು.

"ಏನೇ, ಒಂದು ಬಕೆಟ್ಟು ನೀರೆಲ್ಲಾ ನಿನ್ನ ಜಡೆಗೇ ಹೋಯ್ತಲ್ಲೇ! ನಾವೇನು ಎಂಜಲು ಬಳ್ಕೊಂಡು ಹೋಗ್ಬೇಕಾ?"

"ಹೊಟ್ಟೆಕಿಚ್ಚು ಕಣೇ ನಿನಗೆ. ನಿನ್ನ ತಲೇಲಿ ಇರೋದು ನಾಲ್ಕು ಕೂದಲು, ಲೋಟದಲ್ಲಿ ತೊಳ್ಕೋ ಹೋಗು."

ಒಂದು ದಿನ ಲಾನ್‌ಪಿಂಗ್‌ಗೆ ಹೊಸ ಸೂಜಿ ಕೊಟ್ಟು, ಇನ್‌ಹ್ವಾಳ ಕೈಗೂ ಕೊಡಲು ಹೋದೆ. ಅವಳು ಬೇಡ ಅಂದಳು.

"ನಂಗ್ಯಾಕಕ್ಕ? ನಂಗೆ ಚುಚ್ಕೊಳ್ಳೋಕೇ ಬರಲ್ಲ. ಶಿಗ್ವೇನೇ ಚುಚ್ಚೋದು. ನನ್ನ ಕೈನಲ್ಲಿ ನರ ಎಲ್ಲಿದೆ ಅಂತ ನಂಗೇ ಗೊತ್ತಿಲ್ಲ, ಅವನಿಗೆ ಗೊತ್ತು. ನಾನು ಕಣ್ಣು ಮುಚ್ಕೋತೀನಿ ಅಷ್ಟೇ."

ಶಿಗ್ವೇ ಅಂದರೆ ಅವಳ ಜೊತೆಗಿದ್ದವನು. ಗಣಿಯಲ್ಲಿ ಕೊನೆಯ ಬಾರಿಗೆ ಕೆಲಸಕ್ಕೆ ತೆಗೆದುಕೊಂಡ ಹುಡುಗರಲ್ಲಿ ಒಬ್ಬ. ಗಣಿ ಮುಚ್ಚಿತು, ಅವನು ಪುಡಿಗೆ ಬಿದ್ದ. ಮದುವೆಯ ಕಾಗದ ಇರಲಿಲ್ಲ, ಆದರೆ ಇಬ್ಬರೂ ಗಂಡ ಹೆಂಡತಿಯಂತೆಯೇ ಇದ್ದರು. ಅವಳು ದುಡಿದು ತರುತ್ತಿದ್ದಳು. ಅವನು ಹೋಗಿ ಪುಡಿ ಕೊಂಡು ತರುತ್ತಿದ್ದ, ಅನ್ನ ಮಾಡುತ್ತಿದ್ದ.

"ಅವನ ಸೂಜಿ ಬೇರೆ, ನಿನ್ನ ಸೂಜಿ ಬೇರೆ ಇದೆಯಾ?" ಎಂದು ಕೇಳಿದೆ.

"ಅಯ್ಯೋ, ಒಂದೇ ಮನೆ, ಒಂದೇ ಹಾಸಿಗೆ, ಸೂಜಿ ಎರಡು ಯಾಕೆ? ಪೊಲೀಸ್ನೋರು ಜೇಬು ನೋಡಿದ್ರೆ ಒಂದಕ್ಕೇ ಸಿಕ್ಕಾಕ್ಕೋತೀವಿ, ಎರಡಿದ್ರೆ ಕೇಳ್ಬೇಕಾ? ಮೊದ್ಲು ಅವನು ಹಾಕ್ಕೋತಾನೆ, ಆಮೇಲೆ ನೀರಲ್ಲಿ ಜಾಡಿಸಿ ನಂಗೆ."

"ನೀರಲ್ಲಿ ಜಾಡಿಸಿದ್ರೆ ಹೋಗಲ್ಲ ಕಣೇ. ಸೂಜಿ ಒಳಗೆ ರಕ್ತ ನಿಂತಿರುತ್ತೆ, ಕಣ್ಣಿಗೆ ಕಾಣಲ್ಲ. ಕರಗಿಸೋ ಚಮಚ, ಆ ನೀರು, ಸೋಸೋ ಹತ್ತಿ, ಎಲ್ಲಾದ್ರಲ್ಲೂ ಇರುತ್ತೆ."

"ಬೇರೆಯವರ ಜೊತೆ ಆದ್ರೆ ಸರಿ ಅಕ್ಕ. ನಾನು ಬೇರೆ ಯಾರ ಸೂಜಿನೂ ಮುಟ್ಟಲ್ಲ. ಇವನು ನಮ್ಮವನೇ ಅಲ್ವಾ?"

"ಕಾಂಡೋಮ್?"

ಅವಳು ನಕ್ಕಳು. "ಗಿರಾಕಿಗಳ ಹತ್ರ ಬಿಡಲ್ಲ ನಾನು. ಹಾಕ್ಕೋತೀಯಾ, ಇಲ್ಲ ಎದ್ದು ಹೋಗ್ತೀಯಾ ಅಂತೀನಿ. ಮನೇಲಿ ಯಾಕೆ? ಅವನೇನು ಗಿರಾಕಿನಾ?"

ಲಾನ್‌ಪಿಂಗ್ ಬಾಚಣಿಗೆ ಕೆಳಗಿಟ್ಟಳು. "ಬಿಡಲ್ಲ ಅಂತಾಳೆ ನೋಡು. ಪುಡಿ ಸಿಗದೆ ಮೈ ಹಿಂಡೋವಾಗ ಏನ್ಮಾಡ್ತೀಯೇ? ಅವತ್ತು ಪೊಲೀಸ್ನೋರು ಶಿಗ್ವೇನ ಹಿಡ್ಕೊಂಡು ಹೋಗಿದ್ರಲ್ಲ, ಆವಾಗ? ಮೂಗು ಸೋರ್ತಿತ್ತು, ಕಾಲು ಎಳೀತಿತ್ತು. ಆ ಲಾರಿಯೋನು ಕಾಂಡೋಮ್ ಇಲ್ದೆ ಹಂಗೇ ಬಾ ಅಂದಾಗ ಹೂಂ ಅಂದ್ಯೋ ಇಲ್ವೋ?"

ಇನ್‌ಹ್ವಾ ಮುಖ ತಿರುಗಿಸಿ ಕೂದಲು ಹಿಂಡಿದಳು. "ನಿಂಗೆ ಎಲ್ಲಾ ಗೊತ್ತು ಬಿಡು" ಎಂದಷ್ಟೇ ಹೇಳಿದಳು.

ನಾನು ಹೆಚ್ಚು ಕೆದಕಲಿಲ್ಲ. ಮೈ ಹಿಂಡುವಾಗ ಯಾರು ಏನು ಕೇಳಿದರೂ ಬಾಯಿಯಿಂದ ಹೂಂ ಅಂತಲೇ ಬರುತ್ತದೆ. ಆ ಹೊತ್ತಿನಲ್ಲಿ ಗೋಡೆಯ ಮೇಲಿನ ಚಿತ್ರ ನೆನಪಿಗೆ ಬರುವುದಿಲ್ಲ. "ಒಂದು ಸಲ ರಕ್ತ ಪರೀಕ್ಷೆ ಮಾಡಿಸ್ಕೋ, ನಾನೇ ಜೊತೆಗೆ ಬರ್ತೀನಿ" ಎಂದೆ.

"ಹೆಸರು ಬರ್ಕೋತಾರೆ. ನಾಳೆ ಪೊಲೀಸ್ನೋರು ಬಾಗ್ಲಿಗೆ ಬರ್ತಾರೆ. ಬೇಡಕ್ಕ."

"ಅಲ್ಲಿ ಹಂಗೆ ಮಾಡಲ್ಲ, ಗುಟ್ಟಾಗಿ ಇಡ್ತಾರೆ."

"ನೀನು ಹಂಗೆ ಅಂತೀಯ."

ಅಲ್ಲಿಗೆ ಆ ಮಾತು ಮುಗಿಯಿತು. ಅವಳು ತಲೆ ಒಣಗಿಸಿಕೊಂಡು ಕೆಲಸಕ್ಕೆ ಹೋದಳು. ನಾನು ಹಳೆಯ ಸೂಜಿಗಳ ಡಬ್ಬಿಯ ಮುಚ್ಚಳ ಬಿಗಿ ಮಾಡಿದೆ.

ಚಳಿ ಕಳೆದು ಬೇಸಿಗೆ ಕಾಲಿಟ್ಟಿತ್ತು. ಒಂದು ಮಧ್ಯಾಹ್ನ ಇನ್‌ಹ್ವಾ ಬಂದಳು. ಅಂಗೈ ತುಂಬಾ ಕಂದು ಬಣ್ಣದ ಚುಕ್ಕೆಗಳು. ಸೋಪಿನಪುಡಿ ಆಗಿಬರಲಿಲ್ಲ ಅಂದಳು. ಔಷಧಿ ಅಂಗಡಿಯವನು ಮುಲಾಮು ಕೊಟ್ಟಿದ್ದನಂತೆ.

"ತುರಿಕೆ ಇದೆಯಾ?" ಎಂದು ಕೇಳಿದೆ.

"ಇಲ್ಲ."

"ಅಂಗಾಲಲ್ಲಿ?"

ಅವಳು ಚಪ್ಪಲಿ ಬಿಟ್ಟು ನೋಡಿದಳು. ಅಲ್ಲೂ ಇದ್ದವು. ನನಗೆ ಗೊತ್ತಾಯಿತು. ಸಿಫಿಲಿಸ್ ಎಂಬ ಗುಹ್ಯರೋಗ ಹೀಗೇ ಬರುತ್ತದೆ. ಮೊದಲು ನೋವಿಲ್ಲದ ಒಂದು ಹುಣ್ಣು. ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅದು ತಾನಾಗಿ ಒಣಗುತ್ತದೆ. ಆಮೇಲೆ ತುರಿಸದ ಈ ಚುಕ್ಕೆಗಳು. ಇವೂ ಮಾಯವಾಗುತ್ತವೆ. ರೋಗ ಮಾತ್ರ ಒಳಗೇ ಉಳಿಯುತ್ತದೆ. ಜೊತೆಗೆ ಆ ಹುಣ್ಣು ಇದ್ದಾಗ ಎಚ್‌ಐವಿ ಸುಲಭವಾಗಿ ಒಳಹೊಗುತ್ತದೆ.

ಇದನ್ನು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕೆಳಗಿನ ರಸ್ತೆಯಲ್ಲಿ ಯಾರೋ ಸುಡುತ್ತಿದ್ದ ತೋಫು ಎಂಬ ಸೋಯಾ ಗಿಣ್ಣಿನ ಹೊಗೆ ಕಿಟಕಿಯಿಂದ ಬಂತು. ಇನ್‌ಹ್ವಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಬಚ್ಚಲಿಗೆ ಓಡಿದಳು. ತೋಫು ಅಂದರೆ ಪ್ರಾಣ ಬಿಡುವವಳು ಅವಳು.

ವಾಂತಿ ಮಾಡಿ ಬಂದವಳನ್ನು ಕೇಳಿದೆ, "ಮುಟ್ಟು ಯಾವಾಗ ಆಗಿತ್ತು?"

"ಮುಟ್ಟಾ? ಅದು ನಿಂತೇ ಎಷ್ಟೋ ಕಾಲ ಆಯ್ತಲ್ಲಕ್ಕ. ಪುಡಿ ತಗೊಳ್ಳೋರಿಗೆ ಯಾರಿಗೆ ಸರಿಯಾಗಿ ಆಗುತ್ತೆ? ನಂಗೆ ಮಕ್ಕಳಾಗಲ್ಲ, ಆ ಚಿಂತೆ ಬಿಡು."

"ಮುಟ್ಟು ನಿಂತ್ರೂ ಬಸಿರಾಗಬಹುದು ಕಣೇ. ಬಾ ಇಲ್ಲಿ."

ಮೂತ್ರದಲ್ಲಿ ಅದ್ದಿ ನೋಡುವ ಪಟ್ಟಿ ನಮ್ಮಲ್ಲಿ ಇರುತ್ತಿತ್ತು. ಬಚ್ಚಲಿನಿಂದ ಅವಳು ಅದನ್ನು ಹಿಡಿದು ಬಂದಾಗ ಎರಡು ಗೆರೆ ಮೂಡಿದ್ದವು, ಅಂದರೆ ಬಸಿರು. ಅವಳು ನನ್ನನ್ನು ನೋಡಿದಳು, ಪಟ್ಟಿ ನೋಡಿದಳು, ಮತ್ತೆ ನನ್ನನ್ನು ನೋಡಿದಳು.

"ಇದು ಕೆಟ್ಟೋಗಿದೆ. ಇನ್ನೊಂದು ಕೊಡು."

ಇನ್ನೊಂದರಲ್ಲೂ ಅದೇ. ಅವಳು ಕಿಟಕಿಯ ಕೆಳಗಿನ ಬೆಂಚಿನ ಮೇಲೆ ಕುಳಿತಳು. ಅವತ್ತು ತಲೆ ತೊಳೆಯಲಿಲ್ಲ. ಪಟ್ಟಿಯನ್ನು ಕಾಗದದಲ್ಲಿ ಸುತ್ತುತ್ತಾ ಕೇಳಿದಳು: "ಅಕ್ಕ, ಆ ಪರೀಕ್ಷೆ ಅಂದ್ಯಲ್ಲ, ಎಲ್ಲಿ ಮಾಡ್ತಾರೆ?"

ಮರುದಿನವೇ ಕರೆದುಕೊಂಡು ಹೋದೆ. ದಾರಿಯಲ್ಲಿ ಎರಡು ಸಲ ವಾಪಸು ಹೋಗೋಣ ಅಂದಳು. ಆಸ್ಪತ್ರೆಯಲ್ಲಿ ಅವಳ ತೋಳಿನ ಸೂಜಿ ಕಲೆ ಕಂಡು ಪಕ್ಕದಲ್ಲಿ ಕೂತಿದ್ದ ಹೆಂಗಸು ಮಗುವನ್ನು ಎತ್ತಿಕೊಂಡು ಬೇರೆ ಬೆಂಚಿಗೆ ಹೋದಳು. ಇನ್‌ಹ್ವಾ ಅಂಗಿಯ ತೋಳು ಕೆಳಗೆಳೆದುಕೊಂಡಳು. "ನೋಡಿದ್ಯಾ ಅಕ್ಕ? ಇದಕ್ಕೇ ನಾವು ಬರಲ್ಲ" ಅಂದಳು. ಇಷ್ಟು ವರ್ಷವಾದರೂ ನನ್ನ ಪಕ್ಕದಿಂದಲೂ ಜನ ಎದ್ದು ಹೋಗುತ್ತಾರೆ.

ಡಾಕ್ಟರ್ ಫಾಂಗ್ ಒಳ್ಳೆಯ ಹೆಂಗಸು. ಪರೀಕ್ಷೆಯ ಫಲ ಬಂದ ದಿನ ಬಾಗಿಲು ಹಾಕಿಕೊಂಡು, ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. ಸಿಫಿಲಿಸ್ ಇದೆ, ಎಚ್‌ಐವಿಯೂ ಇದೆ ಎಂದರು.

ಇನ್‌ಹ್ವಾ ಅಳಲಿಲ್ಲ. "ಹೊಟ್ಟೇಲಿರೋದಕ್ಕೆ?" ಎಂದು ಕೇಳಿದಳು.

"ಅದಕ್ಕೆ ಬಾರದ ಹಾಗೆ ತುಂಬಾ ಮಟ್ಟಿಗೆ ತಡೀಬಹುದಮ್ಮ" ಎಂದರು ಡಾಕ್ಟರ್. "ಸಿಫಿಲಿಸ್‌ಗೆ ಇಂಜೆಕ್ಷನ್ ಇದೆ, ವಾಸಿಯಾಗುತ್ತೆ. ಬಿಟ್ರೆ ಮಗು ಹೊಟ್ಟೇಲೇ ಹೋಗಬಹುದು. ಎಚ್‌ಐವಿ ವಾಸಿಯಾಗಲ್ಲ, ಆದ್ರೆ ದಿನಾ ಮಾತ್ರೆ ತಗೊಂಡ್ರೆ ಅಡಗಿರುತ್ತೆ. ನೀನೂ ಇರ್ತೀಯ, ಮಗೂಗೂ ದಾಟೋದು ಕಮ್ಮಿ. ಎಲ್ಲಾ ಉಚಿತ."

"ಪುಡಿ ಇವತ್ತೇ ಬಿಟ್ಬಿಡ್ತೀನಿ."

"ಒಮ್ಮೆಲೇ ಬಿಡಬೇಡ. ಮೈ ತಡ್ಕೊಳ್ಳಲ್ಲ, ಬಸಿರು ಇಳಿದುಹೋಗಬಹುದು. ಮೆಥಡೋನ್‌ಗೆ ಬಾ. ಬಸಿರಲ್ಲಿ ಅದನ್ನ ಕೊಡಬಹುದು, ಎಷ್ಟು ಅಂತ ನಾವು ನೋಡ್ಕೋತೀವಿ."

ಇನ್‌ಹ್ವಾ ತನ್ನ ಅಂಗೈ ನೋಡಿಕೊಂಡಳು. "ಇದು ಯಾರಿಂದ ಬಂತು ಡಾಕ್ಟ್ರೇ?"

"ಅದನ್ನ ಯಾರೂ ಹೇಳೋಕಾಗಲ್ಲಮ್ಮ. ಸೂಜಿಯಿಂದ ಇರಬಹುದು, ಇನ್ನೊಂದರಿಂದ ಇರಬಹುದು. ಮುಂದೆ ಏನು ಅನ್ನೋದು ನೋಡೋಣ. ನಿನ್ನ ಜೊತೆಗಿರೋರೂ ಬರಬೇಕು."

ಮನೆಗೆ ನೀನೂ ಬಾ ಎಂದು ಇನ್‌ಹ್ವಾ ನನ್ನ ತೋಳು ಹಿಡಿದಳು. ಹೋದೆವು. ಶಿಗ್ವೇ ಆಲೂಗಡ್ಡೆ ಸಣ್ಣಗೆ ಹೆಚ್ಚುತ್ತಿದ್ದ. ಸಣಕಲು ಮನುಷ್ಯ, ಕೆಮ್ಮು. ನನ್ನನ್ನು ನೋಡಿ ನಕ್ಕ.

"ಏನು ನೊಂಗ್ ಅಕ್ಕ, ಸೂಜಿ ಡಬ್ಬಿ ಮನೆಗೇ ಬಂತಾ? ಕೂತ್ಕೋ, ಊಟ ಮಾಡ್ಕೊಂಡು ಹೋಗು."

ಇನ್‌ಹ್ವಾ ನಿಂತೇ ಹೇಳಿದಳು. ಬಸಿರು ಅಂದಳು, ಆಮೇಲೆ ರೋಗದ ಹೆಸರು ಹೇಳಿದಳು. ಶಿಗ್ವೇಯ ಚಾಕು ಹಲಗೆಯ ಮೇಲೆ ನಿಂತಿತು. ಅವನು ಯಾರಿಂದ ಎಂದು ಕೇಳುತ್ತಾನೆ, ಕೂಗಾಡುತ್ತಾನೆ ಎಂದು ನಾನು ಕಾದೆ. ಅವನು ಏನೂ ಕೇಳಲಿಲ್ಲ. ಆ ಮೌನದಲ್ಲೇ ಇನ್‌ಹ್ವಾಗೆ ಅರ್ಥವಾಯಿತು.

"ನಿನಗೆ ಗೊತ್ತಿತ್ತು" ಅಂದಳು.

"ಗೊತ್ತಿರಲಿಲ್ಲ."

"ಶಿಗ್ವೇ."

ಅವನು ನೆಲದ ಮೇಲೆ ಕೂತ. "ಪೊಲೀಸ್ನೋರು ಹಿಡಿದು ಹಾಕಿದ್ರಲ್ಲ, ಆ ಪುಡಿ ಬಿಡಿಸೋ ಕೇಂದ್ರದಲ್ಲಿ ಎಲ್ರ ರಕ್ತಾನೂ ತೆಗೆದಿದ್ರು. ಹೊರಗೆ ಬರೋವಾಗ ಅಲ್ಲಿನೋನು ಒಬ್ಬ, ಆಸ್ಪತ್ರೆಗೆ ಹೋಗಿ ಇನ್ನೊಂದು ಸಲ ನೋಡಿಸ್ಕೋ ಅಂದ. ಅಷ್ಟೇ ಅಂದಿದ್ದು. ನಾನು ಹೋಗ್ಲಿಲ್ಲ. ಹೋದ್ರೆ ಗೊತ್ತಾಗುತ್ತಲ್ಲ. ಹೋಗದಿದ್ರೆ ಇಲ್ಲ ಅಂತ ಅಂದ್ಕೊಂಡು ಇರಬಹುದು."

"ನನ್ನ ನರ ಹುಡುಕೋಕೆ ನಿಂಗೆ ಕಣ್ಣಿತ್ತು. ಇದನ್ನ ಹೇಳೋಕೆ ಬಾಯಿರಲಿಲ್ವಾ?"

"ಹೇಳಿದ್ರೆ ನೀನು ಹೊರಟುಹೋಗ್ತಿದ್ದೆ."

"ಹೂಂ, ಹೋಗ್ತಿದ್ದೆ. ಅದಕ್ಕೇ ಹೇಳ್ಬೇಕಿತ್ತು."

ಒಲೆಯ ಮೇಲೆ ಎಣ್ಣೆ ಸೀಯುತ್ತಿತ್ತು. ನಾನೇ ಎದ್ದು ಆರಿಸಿದೆ. ಶಿಗ್ವೇಗೆ ಹೇಳಿದೆ, ನೀನೂ ಬಾ, ಪರೀಕ್ಷೆ ಮಾಡಿಸು, ಮಾತ್ರೆ ಶುರು ಮಾಡು, ಮೆಥಡೋನ್ ಕುಡಿ ಎಂದೆ. ಅವನು ತಲೆ ಅಲ್ಲಾಡಿಸಿದ.

"ಆ ಮೆಥಡೋನ್ ಬಾಗ್ಲಲ್ಲಿ ಪೊಲೀಸ್ನೋರು ಕಾದಿರ್ತಾರಂತೆ. ಅದೂ ಒಂದು ನಶೆನೇ ಅಲ್ವಾ? ಒಂದು ಬಿಟ್ಟು ಇನ್ನೊಂದು ಹಿಡಿಯೋದು. ನನ್ನ ಕಥೆ ಮುಗೀತು ಅಕ್ಕ. ಇವಳನ್ನ ಕರ್ಕೊಂಡು ಹೋಗು."

"ನಾನು ದಿನಾ ಅಲ್ಲಿಗೆ ಹೋಗ್ತೀನಿ. ನಾನು ನಶೇಲಿ ಇದ್ದೀನಾ ಈಗ? ಆ ಔಷಧಿ ಕುಡಿದ ಮೇಲೆ ನಾನು ಮೈ ಹಿಂಡುತ್ತೆ ಅಂತ ಯಾರಿಗೂ ಹೂಂ ಅಂದಿಲ್ಲ, ಯಾರ ಸೂಜಿನೂ ಮುಟ್ಟಿಲ್ಲ. ಇಷ್ಟೇ ಅದರ ಗುಣ. ಕಮ್ಮಿ ಏನಲ್ಲ."

ಅವನು ಒಪ್ಪಲಿಲ್ಲ. ನನಗೂ ಅವತ್ತು ವಾದ ಮಾಡುವ ತ್ರಾಣ ಇರಲಿಲ್ಲ. ಮೆಟ್ಟಿಲು ಇಳಿದು ಬಂದುಬಿಟ್ಟೆ.

ಇನ್‌ಹ್ವಾ ಮಾತ್ರ ಬಂದಳು. ದಿನಾ ಬೆಳಿಗ್ಗೆ ನನ್ನ ಹಿಂದೆ ಸಾಲಿನಲ್ಲಿ ನಿಂತು ಮೆಥಡೋನ್ ಕುಡಿದಳು. ಇಂಜೆಕ್ಷನ್ ತೆಗೆದುಕೊಂಡಳು. ಮಾತ್ರೆ ಶುರುವಾದಾಗ ತಲೆ ತಿರುಗಿತು, ಕೆಟ್ಟ ಕನಸು ಬಿದ್ದವು. ಬಿಟ್ಟುಬಿಡುತ್ತೇನೆ ಅಂದಳು. ಡಾಕ್ಟರ್ ಫಾಂಗ್ ಮಾತ್ರೆ ಬದಲಿಸಿದರು. ಹಾಡಿನ ಕೋಣೆಯ ಕೆಲಸ ಬಿಟ್ಟು ಅಕ್ಕಿ ಶಾವಿಗೆ ಅಂಗಡಿಯಲ್ಲಿ ತಟ್ಟೆ ತೊಳೆಯಲು ಸೇರಿದಳು. ಕೂದಲು ಹೆಗಲವರೆಗೆ ಕತ್ತರಿಸಿಕೊಂಡಳು, ಬಾಚಲು ಪುರುಸೊತ್ತಿಲ್ಲ ಎಂದು.

ಮನೆಯಲ್ಲಿ ಏನಾಯಿತೆಂದು ಅವಳೇ ನನಗೆ ಹೇಳಿದಳು. ಕಾಂಡೋಮ್ ಮುಂದಿಟ್ಟಾಗ ಶಿಗ್ವೇಗೆ ಸಿಟ್ಟು ಬಂತಂತೆ.

"'ನಾನೇನು ಗಿರಾಕಿನಾ? ಇಬ್ಬರಿಗೂ ಬಂದಾಗಿದೆ ಅಂತೀಯ, ಇನ್ನು ಇದೆಲ್ಲಾ ಯಾಕೆ?' ಅಂದ ಅಕ್ಕ."

"ನೀನೇನಂದೆ?"

"ಗುರುತಿಲ್ಲದ ಗಿರಾಕಿ ಮುಂದೆ ನನ್ನ ಮೈಗೆ ಇಷ್ಟು ಬೆಲೆ ಕೊಡ್ತಿದ್ದೆ. ನಿನ್ನ ಮುಂದೆ ಕಮ್ಮಿ ಯಾಕೆ ಆಗ್ಬೇಕು ಅಂದೆ. ಸಿಫಿಲಿಸ್ ಈಗಷ್ಟೇ ವಾಸಿಯಾಗ್ತಿದೆ, ನಿನಗೆ ಇದ್ರೆ ಮತ್ತೆ ಬರುತ್ತೆ, ಮಗೂಗೆ ಬರುತ್ತೆ ಅಂದೆ. ಸುಮ್ನೆ ಗೋಡೆ ಕಡೆ ತಿರುಗಿ ಮಲ್ಕೊಂಡ."

"ಸರಿಯಾಗೇ ಹೇಳಿದೀಯ. ಎಚ್‌ಐವಿ ಇಬ್ಬರಿಗೂ ಇದ್ರೂ ಕಾಂಡೋಮ್ ಬೇಕು ಕಣೇ. ಮಾತ್ರೆಗೆ ಬಗ್ಗದ ರೋಗಾಣು ಒಬ್ಬರಿಂದ ಒಬ್ಬರಿಗೆ ದಾಟಬಹುದು."

ಅವಳು ತೊಳೆದ ಕೈ ಒರೆಸಿಕೊಂಡು ಅಂದಳು: "ಬಿಟ್ಟುಹೋಗೋಣ ಅನ್ಸುತ್ತೆ ಅಕ್ಕ. ಆಮೇಲೆ ಅವನು ಮಾಡಿದ ಅನ್ನ ತಿಂತೀನಿ. ಸಾಕಾಗಿದೆ."

ಬಸಿರು ಎದ್ದು ಕಾಣುವ ಹೊತ್ತಿಗೆ ಶಿಗ್ವೇ ಒಂದು ದಿನ ತಾನಾಗಿ ನಮ್ಮ ಕೋಣೆಯ ಕೆಳಗೆ ಬಂದು ನಿಂತ. ಹೆಂಗಸರ ಕೋಣೆ, ಮೇಲೆ ಬರಲಿಲ್ಲ. ಲಾನ್‌ಪಿಂಗ್ ಕಿಟಕಿಯಿಂದ ಇಣುಕಿ ಕೂಗಿದಳು: "ಅಕ್ಕ, ಇನ್‌ಹ್ವಾಳ ಮದುಮಗ ಬಂದವ್ನೆ!"

ನಾನು ಇಳಿದೆ. ಅವನು ಇನ್ನೂ ಇಳಿದುಹೋಗಿದ್ದ. ಕೆಮ್ಮಿದಾಗ ಗೋಡೆ ಹಿಡಿದುಕೊಳ್ಳುತ್ತಿದ್ದ.

"ಅವಳು ದಿನಾ ಎದ್ದು ಹೋಗ್ತಾಳೆ, ಬರ್ತಾಳೆ. ಯಾರೂ ಹಿಡೀಲಿಲ್ಲ ಅವಳನ್ನ" ಅಂದ. "ರಾತ್ರಿ ಎಲ್ಲಾ ನಾನು ಪುಡಿಗೆ ಒದ್ದಾಡ್ತಿರ್ತೀನಿ, ಅವಳು ನಿದ್ದೆ ಮಾಡ್ತಾಳೆ. ನಡಿ ಅಕ್ಕ, ಎಲ್ಲಿಗೆ ಅಂತೀಯೋ ಅಲ್ಲಿಗೆ."

ಪರೀಕ್ಷೆಯಲ್ಲಿ ಎಲ್ಲವೂ ಇತ್ತು. ಎಚ್‌ಐವಿ, ಸಿಫಿಲಿಸ್, ಜೊತೆಗೆ ಕ್ಷಯ. ರೋಗ ತಡೆಯುವ ಶಕ್ತಿ ಮೈಯಲ್ಲಿ ಹೆಚ್ಚು ಉಳಿದಿರಲಿಲ್ಲ. ಔಷಧಿ ಶುರು ಮಾಡಿದರು. ಮೆಥಡೋನ್‌ಗೂ ಬಂದ. ನಡುವೆ ಜಾರಿದ, ಮತ್ತೆ ಪುಡಿ ತೆಗೆದುಕೊಂಡ, ಮುಖ ಮುಚ್ಚಿಕೊಂಡು ಮತ್ತೆ ಸಾಲಿಗೆ ಬಂದ. ಯಾರೂ ಅವನನ್ನು ಓಡಿಸಲಿಲ್ಲ. ಜಾರುವುದು, ಏಳುವುದು ನಮ್ಮ ಸಾಲಿನಲ್ಲಿ ಹೊಸದಲ್ಲ. ಜಾರಿದ ದಿನವೂ ಹೊಸ ಸೂಜಿಯನ್ನೇ ಬಳಸಿದ್ದೆ ಎಂದು ನನಗೆ ಹೇಳಿದ. ಅದನ್ನು ನಾನು ನಂಬಿದೆ. ತನ್ನ ಜೊತೆ ಒಂದೇ ಚಮಚದಲ್ಲಿ ಕರಗಿಸಿಕೊಳ್ಳುತ್ತಿದ್ದ ಹಳೆಯ ಗಣಿ ಗೆಳೆಯರ ಮನೆಗೂ ಹೋಗಿ, "ನನಗೆ ಬಂದಿದೆ ಕಣ್ರೋ, ನೀವೂ ನೋಡಿಸ್ಕೊಳ್ಳಿ" ಎಂದು ಬಾಯಿಬಿಟ್ಟು ಹೇಳಿದ. ಒಬ್ಬ ಅವನ ಮುಖಕ್ಕೆ ಬಾಗಿಲು ಹಾಕಿದ. ಉಳಿದ ಇಬ್ಬರು ಬಂದರು.

ಹೆರಿಗೆಗೆ ಶಿಗ್ವೇಯ ತಾಯಿ ಹಳ್ಳಿಯಿಂದ ಬಂದಳು. ಬಾಣಂತಿಗೆಂದು ಮೊಟ್ಟೆ, ಕೆಂಪು ಬೆಲ್ಲ, ಕಾಲು ಕಟ್ಟಿದ ಒಂದು ಕೋಳಿ ತಂದಿದ್ದಳು. ಆಸ್ಪತ್ರೆಯಲ್ಲಿ ಮಗ ಅವಳಿಗೆ ಎಲ್ಲವನ್ನೂ ಹೇಳಿದ. ಮುದುಕಿ ವರಾಂಡದಲ್ಲಿ ನನ್ನ ಪಕ್ಕ ಬಂದು ಕೂತಳು. ಕೋಳಿ ಅವಳ ಕಾಲ ಬಳಿ ಒದ್ದಾಡುತ್ತಿತ್ತು.

"ಈ ರೋಗ ಬಟ್ಟಲಿಂದ ಬರುತ್ತಾ?" ಎಂದು ಕೇಳಿದಳು.

"ಇಲ್ಲಮ್ಮ."

"ಬಟ್ಟೆಯಿಂದ? ಬೆವರಿಂದ?"

"ಇಲ್ಲ. ರಕ್ತದಿಂದ ಬರುತ್ತೆ, ಗಂಡು ಹೆಣ್ಣು ಕೂಡೋದ್ರಿಂದ ಬರುತ್ತೆ, ತಾಯಿಯಿಂದ ಮಗೂಗೆ ಬರುತ್ತೆ. ಒಟ್ಟಿಗೆ ಉಂಡ್ರೆ ಬರಲ್ಲ."

"ನಿಂಗೆ ಹೆಂಗೆ ಗೊತ್ತು?"

"ನಂಗೂ ಇದೆಯಮ್ಮ. ನಮ್ಮಮ್ಮ ನನ್ನ ಜೊತೆಗೇ ಉಣ್ತಾಳೆ. ಅವಳಿಗಿಲ್ಲ."

ಮುದುಕಿ ನನ್ನಿಂದ ದೂರ ಸರಿಯುತ್ತಾಳೆ ಎಂದುಕೊಂಡೆ. ಅವಳು ಅಲ್ಲೇ ಕೂತಿದ್ದಳು. "ನನ್ನ ಗಂಡ ಗಣಿಯ ಧೂಳು ಕುಡಿದು ಸತ್ತ. ಮಗ ಈ ಪುಡಿ ಹಿಡಿದ" ಎಂದು ಯಾರಿಗೋ ಹೇಳುವಂತೆ ಹೇಳಿದಳು. ಆಮೇಲೆ ಕೇಳಿದಳು: "ಕೂಸನ್ನ ನಾನು ಎತ್ಕೋಬಹುದಾ?"

"ಎತ್ಕೋಬಹುದು, ಮುದ್ದಾಡಬಹುದು."

ಹೆಣ್ಣುಮಗು. ಮೆಥಡೋನ್ ಕುಡಿದ ತಾಯಂದಿರ ಮಕ್ಕಳು ಮೊದಮೊದಲು ನಡುಗುತ್ತವೆ, ಕಿರುಚಿ ಅಳುತ್ತವೆ. ಇವಳೂ ಅತ್ತಳು. ಆಸ್ಪತ್ರೆಯವರು ನೋಡಿಕೊಂಡರು, ಎಚ್‌ಐವಿ ಬಾರದಿರಲೆಂದು ಹನಿ ಔಷಧಿ ಕೊಟ್ಟರು. ಮುದುಕಿ ಆ ಕೂಸನ್ನು ಎದೆಗೆ ಕಟ್ಟಿಕೊಂಡು ವರಾಂಡದ ತುದಿಯಿಂದ ತುದಿಗೆ ನಡೆದಳು. ದೌದೌ ಎಂದು ಕರೆದಳು, ಅಂದರೆ ಕಾಳು. ಅಷ್ಟೇ ಗಾತ್ರವಿತ್ತು ಅದು.

ಶಿಗ್ವೇ ಆ ಮಗುವಿನ ಜೊತೆ ಒಂದು ಬೇಸಿಗೆ ಇದ್ದ, ಅಷ್ಟೇ. ಔಷಧಿ ತನ್ನ ಕೆಲಸ ಮಾಡುವ ಮೊದಲೇ ಶ್ವಾಸಕೋಶ ಕೈಬಿಟ್ಟಿತ್ತು. ಕೊನೆಯ ವಾರ ಆಸ್ಪತ್ರೆಯಲ್ಲಿ ಅವನನ್ನು ನೋಡಲು ಹೋಗಿದ್ದೆ. ಮಧ್ಯಾಹ್ನ. ಇನ್‌ಹ್ವಾ ಅವನ ಬೆನ್ನಿಗೆ ದಿಂಬು ಕೊಟ್ಟು, ಹೊರಗೆ ಬಿಸಿನೀರು ತರಲು ಹೋದಳು.

"ಅಕ್ಕ, ಆ ಕೇಂದ್ರದೋನು ಹೇಳಿದಾಗಲೇ ಬಂದಿದ್ರೆ?" ಎಂದು ಕೇಳಿದ.

ಸುಳ್ಳು ಹೇಳುವಷ್ಟು ಶಕ್ತಿಯೂ ನನಗಿರಲಿಲ್ಲ. "ಬದುಕ್ತಿದ್ದೆ ಕಣಪ್ಪ" ಅಂದೆ. "ನನ್ನ ಹಾಗೆ."

"ಅವಳಿಗೂ ಬರ್ತಿರಲಿಲ್ಲ."

"ಬರ್ತಿರಲಿಲ್ಲವೇನೋ. ಗೊತ್ತಿಲ್ಲ."

ಅವನು ತಲೆಯಾಡಿಸಿದ. ಇನ್‌ಹ್ವಾ ಬಂದಳು. ಅವನ ತುಟಿಗೆ ಲೋಟ ಹಿಡಿದಳು. ಕ್ಷಮಿಸಿದೆ ಎಂದು ಅವಳು ಅವನಿಗೆ ಹೇಳಿದ್ದನ್ನು ನಾನು ಕೇಳಲಿಲ್ಲ. ಕೊನೆಯವರೆಗೂ ಲೋಟ ಹಿಡಿದದ್ದನ್ನು ನೋಡಿದ್ದೇನೆ.

ಮಗ ತೀರಿಕೊಂಡ ಮೇಲೂ ಮುದುಕಿ ಹಳ್ಳಿಗೆ ಹೋಗಲಿಲ್ಲ. ಸೊಸೆ ತಟ್ಟೆ ತೊಳೆಯಲು ಹೋದಾಗ ಮೊಮ್ಮಗಳನ್ನು ಅವಳೇ ನೋಡಿಕೊಂಡಳು. ಅತ್ತೆ ಸೊಸೆ ಇಬ್ಬರೂ ಒಂದೇ ಬಟ್ಟಲಿನ ಪಲ್ಯಕ್ಕೆ ಊಟದ ಕಡ್ಡಿ ಹಾಕಿ ಉಣ್ಣುತ್ತಿದ್ದರು. ಇನ್‌ಹ್ವಾ ಮಾತ್ರೆ ಮರೆತರೆ ಬೈಯುವವಳೂ ಅವಳೇ. "ಏಯ್, ಗಂಟೆ ಆಯ್ತು, ನುಂಗಿದ್ಯಾ? ನಂಗೆ ಇನ್ನೊಂದು ಹೆಣ ಹೊರೋ ಶಕ್ತಿ ಇಲ್ಲ" ಅನ್ನುತ್ತಿದ್ದಳು.

ದೌದೌ ನಡೆಯಲು ಕಲಿತ ಮೇಲೆ ಕೊನೆಯ ರಕ್ತ ಪರೀಕ್ಷೆ ಆಯಿತು. ಡಾಕ್ಟರ್ ಫಾಂಗ್ ನಮ್ಮನ್ನೆಲ್ಲ ಒಳಗೆ ಕರೆದರು. ಮಗುವಿಗೆ ಎಚ್‌ಐವಿ ಇಲ್ಲ, ಸಿಫಿಲಿಸ್ ಇಲ್ಲ, ಇನ್ನು ಇದಕ್ಕಾಗಿ ರಕ್ತ ತೆಗೆಸಲು ಬರಬೇಕಾಗಿಲ್ಲ ಎಂದರು. ಮುದುಕಿ ಡಾಕ್ಟರ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ನನ್ನ ಕಣ್ಣು ತುಂಬಿತ್ತು.

ಇನ್‌ಹ್ವಾ ಮಗುವಿನ ತೋಳಿನ ಹತ್ತಿ ಒತ್ತಿ ಹಿಡಿದುಕೊಂಡೇ ಇದ್ದಳು. ರಕ್ತ ಆಗಲೇ ನಿಂತಿತ್ತು. ಆಮೇಲೆ ಗಡಿಯಾರ ನೋಡಿದಳು.

"ಮೆಥಡೋನ್ ಕಿಟಕಿ ಮುಚ್ಚಿಬಿಡ್ತಾರೆ. ನಡಿ ಅಕ್ಕ, ಹೊತ್ತಾಯ್ತು" ಅಂದಳು.

ಮಗುವನ್ನು ಅಜ್ಜಿಯ ಬೆನ್ನಿಗೆ ಕಟ್ಟಿ, ನಾವಿಬ್ಬರೂ ಸಾಲಿಗೆ ಹೋಗಿ ನಿಂತೆವು.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಾನು ಹೊಸದೇನೂ ಹೇಳುವುದಿಲ್ಲ. ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಚುಚ್ಚಿಕೊಳ್ಳುವವರು ಇರಬಹುದು, ನೀವೇ ಇರಬಹುದು. ಬಿಡಲು ಆದರೆ ಬಿಡಿ, ಅದಕ್ಕೆ ಔಷಧಿ ಇದೆ. ಇವತ್ತು ಬಿಡಲಾಗದಿದ್ದರೆ ಸೂಜಿಯನ್ನಾದರೂ ನಿಮ್ಮದೇ ಇಟ್ಟುಕೊಳ್ಳಿ. ಚಮಚ, ನೀರು, ಹತ್ತಿ ಕೂಡ. ಗಂಡನಿಗೂ ಕೊಡಬೇಡಿ, ಹೆಂಡತಿಯಿಂದಲೂ ತೆಗೆದುಕೊಳ್ಳಬೇಡಿ. ಕಾಂಡೋಮ್ ಹೊರಗಿನವರಿಗೆ ಮಾತ್ರ ಎಂದುಕೊಳ್ಳಬೇಡಿ. ಮನೆಯಲ್ಲಿ ಅದನ್ನು ಕೇಳುವುದು ಅನುಮಾನವಲ್ಲ, ಒಬ್ಬರನ್ನೊಬ್ಬರು ಉಳಿಸಿಕೊಳ್ಳುವ ದಾರಿ. ಮುಟ್ಟು ನಿಂತಿದೆ, ಇನ್ನು ಬಸಿರಾಗದು ಎಂದು ನಂಬಿ ಕೂರಬೇಡಿ. ನೋವಿಲ್ಲದ ಹುಣ್ಣು, ತುರಿಸದ ಕಲೆ ಕಂಡರೆ ಮುಲಾಮು ಹಚ್ಚಿ ಸುಮ್ಮನಾಗಬೇಡಿ.

ಮತ್ತು ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ, ನಿಮ್ಮ ಗುಟ್ಟು ಕಾಯುತ್ತಾರೆ. ಒಬ್ಬರೇ ಹೋಗಲು ಹೆದರಿಕೆಯಾದರೆ ಯಾರನ್ನಾದರೂ ಜೊತೆಗೆ ಕರೆಯಿರಿ. ನಿಮ್ಮನ್ನು ಯಾರಾದರೂ ಹಾಗೆ ಕರೆದರೆ, ಎಷ್ಟೇ ಸುಸ್ತಾಗಿದ್ದರೂ, ದಯವಿಟ್ಟು ಎದ್ದು ಹೋಗಿ. ಆಸ್ಪತ್ರೆಯ ಬೆಂಚಿನಲ್ಲಿ ನಿಮ್ಮ ಪಕ್ಕ ಅಂಥ ಒಬ್ಬಳು ಬಂದು ಕೂತರೆ, ಕೂತಲ್ಲೇ ಕೂತಿರಿ.